ಚಿನ್ನದಂಥ ಹುಡುಗ

ನನ್ನ ಗಂಡ ನನಗೆ ಹೊಡೆಯುತ್ತಿದ್ದ. ಅವನ ಮೇಲಿನ ಸಿಟ್ಟಿನ ಬಗ್ಗೆ ಬರೆಯಲು ಏನೂ ಉಳಿದಿಲ್ಲ, ಅದನ್ನೆಲ್ಲ ಕೋರ್ಟಿನಲ್ಲಿ ಕಕ್ಕಿ ಮುಗಿಸಿದ್ದೇನೆ. ಹೊಟ್ಟೆಯೊಳಗೆ ಕೆಂಡದ ಹಾಗೆ ಉಳಿದದ್ದು ಅವನ ಪಕ್ಕದ ಮನೆಯ ಆಂಟಿಯ ಮೇಲಿನ ಸಿಟ್ಟು.

ನಮ್ಮಲ್ಲಿ ಹೆಣ್ಣು ಕೊಡುವ ಮೊದಲು ಹುಡುಗನ ಅಕ್ಕಪಕ್ಕದಲ್ಲಿ ವಿಚಾರಿಸುವ ಪದ್ಧತಿಯಿದೆ. ಜಾತಕ ಕೂಡಿದರೂ ಸರಿ, ಮನೆಯ ಹಿರಿಯರೊಬ್ಬರು ಸದ್ದಿಲ್ಲದೆ ಹೋಗಿ ಪಕ್ಕದ ಮನೆಯಲ್ಲಿ ಕೂತು "ಹುಡುಗ ಹೇಗೆ?" ಎಂದು ಕೇಳಿ ಬರಬೇಕು. ನನಗಾಗಿ ಕೆಂಗೇರಿ ಉಪನಗರಕ್ಕೆ ಹೋಗಿ ಬಂದವರು ಸೋದರಮಾವ. ಹುಡುಗನ ಮನೆಗೂ ಆಂಟಿಯ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆಂಟಿ ಮಾವನಿಗೆ ಕಾಫಿ ಕೊಟ್ಟು, "ಚಿನ್ನದಂಥ ಹುಡುಗ ಸಾರ್. ಕಣ್ಮುಚ್ಕೊಂಡು ಕೊಡಿ" ಅಂದರಂತೆ. ಅಮ್ಮ ಕಣ್ಣು ಮುಚ್ಚಿಕೊಂಡೇ ಕೊಟ್ಟಳು.

ಆ ಚಿನ್ನ ಮದುವೆಗೆ ಮುಂಚೆಯೇ ತನ್ನ ತಂಗಿಯ ತಲೆ ಒಡೆದಿತ್ತು. ಗಾಯಕ್ಕೆ ಅರಿಶಿನ ಒತ್ತಿದ್ದು ಇದೇ ಆಂಟಿ. ಆ ತಂಗಿಯೇ ನನಗೆ ಹೇಳಿದಳು, ನಾನು ಮೊದಲ ಸಲ ಏಟು ತಿಂದ ಮಾರನೆಯ ದಿನ. ಆಮೇಲೆ ನಮ್ಮ ಮನೆಯಲ್ಲಿ ತಟ್ಟೆ ಹಾರಿದಾಗಲೆಲ್ಲ ಗೋಡೆಯಾಚೆ ಟೀವಿಯ ಸದ್ದು ಜೋರಾಗುತ್ತಿತ್ತು. ಬೆಳಿಗ್ಗೆ ರಂಗೋಲಿ ಹಾಕುತ್ತ ಅವರು "ಏನಮ್ಮ, ತಿಂಡಿ ಆಯ್ತಾ?" ಅನ್ನುತ್ತಿದ್ದರು. ನಾನು ಬಟ್ಟೆ ಕಟ್ಟಿಕೊಂಡು ಹೊರಟ ಮೇಲೆ ಬೀದಿಗೆಲ್ಲ ಹೇಳಿದ್ದು, "ಹೊಂದ್ಕೊಂಡು ಹೋಗೋ ಬುದ್ಧಿ ಇಲ್ಲ ಆ ಹುಡುಗಿಗೆ." ಅಯ್ಯೋ, ಆ ನಾಲಿಗೆಗೆ ಬರೆ ಹಾಕಬೇಕು ಎಂದು ನಾನು ಎಷ್ಟು ಸಲ ಅಂದುಕೊಂಡಿಲ್ಲ!

ಅಮ್ಮ ಬಾಡಿಗೆಗಿದ್ದ ಮನೆ ವಿಜಯನಗರದ ಹತ್ತಿರ ಮಾರೇನಹಳ್ಳಿಯಲ್ಲಿ. ಅಲ್ಲಿಂದ ರಾಜಾಜಿನಗರದ ಕಾರ್ಖಾನೆಯೊಂದರ ಆಫೀಸಿಗೆ ಕೆಲಸಕ್ಕೆ ಹೋಗತೊಡಗಿದೆ. ಹೊರಗೆ ಎಲ್ಲ ಸರಿಯಾಗಿತ್ತು. ಆದರೆ ಎಲ್ಲಾದರೂ ಪಾತ್ರೆ ಬಿದ್ದರೆ ಸಾಕು, ನನ್ನ ಕೈ ನಡುಗಿ ಕಾಫಿ ಸೀರೆಯ ಮೇಲೆ ಚೆಲ್ಲುತ್ತಿತ್ತು. ಅದನ್ನು ನೋಡಿದ ಸಹೋದ್ಯೋಗಿಯೊಬ್ಬಳು, ಇಂಟರ್‌ನೆಟ್ಟಿನಲ್ಲೇ ಕೌನ್ಸೆಲಿಂಗ್ ಮಾಡುವ ಮೇಡಂ ಒಬ್ಬರ ವಿಳಾಸ ಕೊಟ್ಟಳು.

"ಕೌನ್ಸೆಲಿಂಗಾ? ಈ ವಯಸ್ಸಲ್ಲಿ ಯಾವ ಕಾಲೇಜಲ್ಲಿ ಸೀಟು ಬೇಕೇ ನಿಂಗೆ?" ಅಂದಳು ಅಮ್ಮ. ಅವಳಿಗೆ ಗೊತ್ತಿದ್ದದ್ದು ಸಿಇಟಿ ಕೌನ್ಸೆಲಿಂಗ್ ಒಂದೇ.

ಪ್ರತಿ ಶನಿವಾರ ಆಫೀಸು ಮುಗಿಸಿ ಬೀದಿಯ ಕೊನೆಯ ಬ್ರೌಸಿಂಗ್ ಸೆಂಟರಿಗೆ ಹೋಗುತ್ತಿದ್ದೆ. ಪ್ಲೈವುಡ್ಡಿನ ಗೂಡಿನಂಥ ಕ್ಯಾಬಿನ್ನು. ಪಕ್ಕದ ಕ್ಯಾಬಿನ್ನಿನಲ್ಲಿ ಕಾಲೇಜು ಹುಡುಗರು "ಮಗಾ, ರಿಪ್ಲೈ ಬಂತು ಕಣೋ" ಎಂದು ಕಿರುಚುವಾಗ ನಾನು ನನ್ನ ಸಂಸಾರದ ಕಥೆಯನ್ನು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಕುಟ್ಟುತ್ತಿದ್ದೆ. ಇಂಗ್ಲಿಷ್ ಅಕ್ಷರದಲ್ಲಿ ಬೈಗುಳ ಬರೆದು ನೋಡಿ, ಹಲ್ಲು ಕಿತ್ತ ಹಾವಿನ ಹಾಗಿರುತ್ತದೆ. ಮೇಡಂ ಯಾವ ಊರಿನವರೋ, ಮುಖ ಹೇಗೋ, ಇಂದಿಗೂ ಗೊತ್ತಿಲ್ಲ. ಅವರು ನನಗೆ ಹಿಡಿಸಿದ್ದು ಒಂದೇ ಕಾರಣಕ್ಕೆ. ಎಲ್ಲರೂ ಹೇಳುತ್ತಿದ್ದ "ಕ್ಷಮಿಸಿಬಿಡು" ಎಂಬ ಮಾತನ್ನು ಅವರು ಒಮ್ಮೆಯೂ ಬರೆಯಲಿಲ್ಲ.

ಮಾರೇನಹಳ್ಳಿಯ ಮನೆಯಲ್ಲೂ ನನಗೆ ತಟ್ಟೆ ಹಾರುವ ಸದ್ದು ಕೇಳುತ್ತಿತ್ತು. ಅಮ್ಮನ ಕಿವಿ ಮಂದ, ಅವಳಿಗೆ ಅದು ಕೇಳಿಸದು. ನನಗೇ ತಲೆ ಕೆಟ್ಟಿದೆ ಎಂದುಕೊಂಡಿದ್ದೆ. ಮೇಡಂ ಬರೆದರು: "ಸದ್ದು ಕೇಳಿದ ಕೂಡಲೇ ಗೋಡೆಗೆ ಅಂಗೈ ಇಡಿ. ಗೋಡೆ ಅದುರಿದರೆ ಸದ್ದು ಅಲ್ಲಿದೆ, ನಿಮ್ಮೊಳಗಲ್ಲ."

ಇಟ್ಟೆ. ಗೋಡೆ ಅದುರಿತು. ಕಿವಿಗೊಟ್ಟಾಗ ಪಕ್ಕದ ಮನೆಯ ತಾಯಿ "ಬೇಡ ಕಣೋ, ಬೇಡ ಕಣೋ" ಅನ್ನುವುದು ಕೇಳಿಸಿತು. ಆ ಮನೆಯಲ್ಲಿ ಇದ್ದದ್ದು ತಾಯಿ, ಮಗ ಇಬ್ಬರೇ. ಮಗ ಬೀದಿಯಲ್ಲಿ ನನ್ನನ್ನು "ಅಕ್ಕಾ" ಎಂದು ಮಾತಾಡಿಸುವ, ಹಣೆಗೆ ವಿಭೂತಿ ಇಡುವ, ಒಳ್ಳೆಯ ಕೆಲಸದಲ್ಲಿದ್ದ ಹುಡುಗ.

ನಾನು ಟೀವಿ ಜೋರು ಮಾಡಲಿಲ್ಲ. ಒಂದು ಬಟ್ಟಲು ಹಿಡಿದು ಹೋಗಿ ಅವರ ಬೆಲ್ ಒತ್ತಿದೆ. "ಹೆಪ್ಪಿಗೆ ಸ್ವಲ್ಪ ಮೊಸರು ಇದ್ಯಾ ಅಮ್ಮ?" ಒಳಗೆ ಸದ್ದು ನಿಂತಿತು. ಅಂದಿನಿಂದ ಗೋಡೆ ಅದುರಿದಾಗಲೆಲ್ಲ, ಹೆಚ್ಚಾಗಿ ಊಟದ ಹೊತ್ತಿಗೆ, ನನಗೆ ಹೆಪ್ಪು ಬೇಕಾಗುತ್ತಿತ್ತು. "ಇಷ್ಟೊಂದು ಮೊಸರು ಯಾಕೇ?" ಎಂದು ಅಮ್ಮ ಗೊಣಗುತ್ತ ಮಜ್ಜಿಗೆಹುಳಿ ಮಾಡುತ್ತಿದ್ದಳು.

ಒಂದು ಶನಿವಾರ ಮೇಡಂ ಕೇಳಿದರು, "ಕೆಂಗೇರಿಯ ಆಂಟಿಗೆ ಏನಾಗಬೇಕು ಅಂತ ನಿಮ್ಮ ಆಸೆ?"

"ಅವರ ಮಗಳಿಗೂ ಚಿನ್ನದಂಥ ಹುಡುಗನೇ ಸಿಗಲಿ" ಎಂದು ಕುಟ್ಟಿದೆ.

"ಸಿಟ್ಟು ನಿಮ್ಮದು, ಇಟ್ಟುಕೊಳ್ಳಿ. ಆದರೆ ಆ ಮಗಳು ನಿಮಗೇನು ಮಾಡಿದ್ದಳು?"

ಆ ಹುಡುಗಿ ಕಾಂಪೌಂಡಿನ ಮೇಲಿಂದ ನನಗೆ ಕನಕಾಂಬರ ಕೊಡುತ್ತಿದ್ದಳು. ನಾನು ಎದ್ದು ಬಂದೆ. ಮೇಡಂ ಮೇಲೂ ಕೋಪ ಬಂದಿತ್ತು.

ಶ್ರಾವಣದ ಒಂದು ಭಾನುವಾರ ಗೇಟಿನ ಸದ್ದಾಯಿತು. ನೋಡಿದರೆ ಅದೇ ಆಂಟಿ! ಚಪ್ಪಲಿ ಬಿಟ್ಟು, ಏನೂ ಆಗಿಲ್ಲವೆಂಬಂತೆ ಒಳಗೆ ಬಂದು ಕೂತರು. "ಮಗಳಿಗೊಂದು ಸಂಬಂಧ ಬಂದಿದೆ ಕಣಮ್ಮ. ಹುಡುಗ ನಿಮ್ಮ ಪಕ್ಕದ ಮನೆಯವನೇ. ನೀನು ಇಲ್ಲೇ ಇದೀಯ ಅಂತ ಗೊತ್ತಾಯ್ತು. ಗಂಡಸರು ಸರಿಯಾಗಿ ವಿಚಾರಿಸಲ್ಲ ನೋಡು, ಅದಕ್ಕೇ ನಾನೇ ಬಂದೆ. ಹೇಗಮ್ಮ ಹುಡುಗ?"

ನಾನು ಒಳಗೆ ಹೋಗಿ ಕಾಫಿ ಬೆರೆಸಿದೆ. ಸುಳ್ಳೇಕೆ, ಬಾಯಲ್ಲಿ ನೀರೂರುತ್ತಿತ್ತು. ಒಂದು ಮಾತು ಹೇಳಿದರೆ ಸಾಕಿತ್ತು. ಲೋಟ ಕೈಗೆ ಕೊಟ್ಟು, ಅವರದೇ ರಾಗದಲ್ಲಿ ಹೇಳಿದೆ:

"ಚಿನ್ನದಂಥ ಹುಡುಗ ಆಂಟಿ. ಕಣ್ಮುಚ್ಕೊಂಡು ಕೊಡಿ."

ಅವರ ಮುಖ ಅರಳಿತು. ನೆನಪೇ ಇಲ್ಲ, ಹೆಂಗಸಿಗೆ! "ನಿಜ ತಾನೇ?" ಎಂದರು. ನನಗೆ ಕನಕಾಂಬರ ನೆನಪಾಯಿತು. ಹಾಳಾದ್ದು, ಆ ಹೊತ್ತಿಗೇ ನೆನಪಾಗಬೇಕೆ?

"ನಮ್ಮ ಮಾವಂಗೆ ನೀವು ಹೇಳಿದ್ರಲ್ಲ, ಅಷ್ಟೇ ನಿಜ."

ಲೋಟ ತುಟಿಯ ಹತ್ತಿರವೇ ನಿಂತಿತು. ಈ ಸಲ ಕಾಫಿ ಚೆಲ್ಲಿದ್ದು ಅವರ ಸೀರೆಯ ಮೇಲೆ. ಸೆರಗಿನಿಂದ ಕಲೆ ಒರೆಸುತ್ತ ಹೇಳಿದರು. "ನಂಗೆ ಗೊತ್ತಿತ್ತು ಕಣಮ್ಮ. ಕೂಡ್ತಾ ಇರೋ ಮದುವೆ ಮುರಿಯೋ ಪಾಪ ನಂಗ್ಯಾಕೆ ಅಂತ... ಸಾವಿರ ಸುಳ್ಳು ಹೇಳಿಯಾದ್ರೂ ಒಂದು ಮದುವೆ ಮಾಡು ಅಂತಾರಲ್ಲ."

"ಸಾವಿರ ಎಲ್ಲಿ ಹೇಳಿದ್ರಿ ಆಂಟಿ, ನಂಗೆ ಒಂದೇ ಸಾಕಾಯ್ತು."

ಆಗಲೂ ಅವರಿಗೆ ಆಸೆ. "ನಿಂಗೇನಾದ್ರೂ ಹೊಟ್ಟೆಕಿಚ್ಚಾ? ಅಥವಾ ನಿಜವಾಗ್ಲೂ ಕೈ ಮಾಡ್ತಾನಾ?"

ನಾನು ಅವರ ಅಂಗೈ ಹಿಡಿದು ಗೋಡೆಗೆ ಒತ್ತಿದೆ. "ಊಟದ ಹೊತ್ತಿನವರೆಗೆ ಇಲ್ಲೇ ಕೂತಿರಿ. ನಮ್ಮನೇಲಿ ಟೀವಿ ಹಾಕಲ್ಲ."

ಕೂತರು. ಅಮ್ಮ ಅನ್ನಕ್ಕೆ ಇಟ್ಟಳು, ಕುಕ್ಕರ್ ಕೂಗಿತು. ಪಕ್ಕದಲ್ಲಿ ಊಟಕ್ಕೆ ಕರೆದದ್ದು ಕೇಳಿಸಿತು. ಆಮೇಲೆ ತಟ್ಟೆ ಬಂದು ಗೋಡೆಗೆ ಬಡಿಯಿತು, "ಬೇಡ ಕಣೋ" ಎಂಬ ದನಿಯೂ ಬಂತು. ಆಂಟಿ ಕೆಂಡ ಮುಟ್ಟಿದವರಂತೆ ಕೈ ಹಿಂದಕ್ಕೆ ಎಳೆದುಕೊಂಡರು. ಆ ಮುಖವನ್ನು ನಾನು ಕಣ್ತುಂಬ ನೋಡಿದೆ. ಆಮೇಲೆ ಬಟ್ಟಲು ತೆಗೆದುಕೊಂಡು ಬೆಲ್ ಒತ್ತಲು ಹೋದೆ. ತಿರುಗಿ ಬರುವಷ್ಟರಲ್ಲಿ ಅವರ ಚಪ್ಪಲಿ ಇರಲಿಲ್ಲ.

ಮುಂದಿನ ಶನಿವಾರ ಎಲ್ಲವನ್ನೂ ಬರೆದೆ. ಸಂತೋಷವಾಯಿತು ಎಂದೂ ಬರೆದೆ. ಮೇಡಂ ಕೇಳಿದ್ದು ಒಂದೇ ಪ್ರಶ್ನೆ, "ಮಗಳು?"

"ಬಚಾವಾದಳು, ಸಂಬಂಧ ಬೇಡ ಅಂದರಂತೆ. ತಾಯಿಯನ್ನು ಮಾತ್ರ ಕ್ಷಮಿಸಿಲ್ಲ" ಎಂದು ಕುಟ್ಟಿದೆ. ಟೈಪ್ ಮಾಡುವಾಗ ನೋಡಿಕೊಂಡೆ, ನನ್ನ ಕೈ ನಡುಗುತ್ತಿರಲಿಲ್ಲ.