ಕ್ಲಿಪ್ಪಮ್ಮನ ಬೋರ್ಡು

ನಮ್ಮ ಅತ್ತಿಗೆಗೆ ಕಾರ್ಖಾನೆಯಲ್ಲಿ ಕ್ಲಿಪ್ಪಮ್ಮ ಎಂದು ಹೆಸರು. ಹೆಸರಿಟ್ಟವನು ನಾನೇ. ಅದು ಅವರ ಕಿವಿಗೆ ಬೀಳುವ ಹೊತ್ತಿಗೆ ಎಲ್ಲರ ಬಾಯಲ್ಲೂ ಹಳೆಯದಾಗಿತ್ತು, ಹಾಗಾಗಿ ಬಚಾವಾದೆ. ಅವರು ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಪ್ಲಾನಿಂಗ್ ನೋಡಿಕೊಳ್ಳುತ್ತಾರೆ; ನಾನು ಅದೇ ಕಾರ್ಖಾನೆಯ ವ್ಯಾನ್ ಓಡಿಸುತ್ತೇನೆ. ಯಾವ ಬಟ್ಟೆ ಯಾವತ್ತು ಕತ್ತರಿಗೆ ಹೋಗಬೇಕು, ಯಾವತ್ತು ಹೊಲಿಗೆಗೆ, ಯಾವತ್ತು ಇಸ್ತ್ರಿಗೆ, ಯಾವತ್ತು ನನ್ನ ವ್ಯಾನಿಗೆ, ಇದೆಲ್ಲ ಅವರ ತಲೆಯಿಂದ ಹೊರಟು ಗೋಡೆಯ ಮೇಲೆ ಬಂದು ಕೂರುತ್ತದೆ.

ಗೋಡೆಯ ಮೇಲಿರುವುದು ಮರದ ಬೋರ್ಡು. ಮಾಡಿಕೊಟ್ಟವನು ನನ್ನ ಅಣ್ಣ, ಅಂದರೆ ಅವರ ಗಂಡ, ಅವನು ಬಡಗಿ. ಒಂದೊಂದು ವಿಭಾಗಕ್ಕೆ ಒಂದೊಂದು ಅಡ್ಡಪಟ್ಟಿ, ಅದರ ತುದಿಗೆ ಬಟ್ಟೆ ಒಣಹಾಕುವಾಗ ಸಿಕ್ಕಿಸುವ ಪ್ಲಾಸ್ಟಿಕ್ ಕ್ಲಿಪ್ಪು. ಹಸಿರಿದ್ದರೆ ಕೆಲಸ ಅಂದುಕೊಂಡಂತೆ ನಡೆದಿದೆ ಎಂದರ್ಥ. ಹಳದಿ ಎಂದರೆ ಹಿಂದೆ ಬಿದ್ದಿದೆ, ಕೆಂಪು ಎಂದರೆ ನಿಂತೇ ಹೋಗಿದೆ. ಬೆಳಗಿನ ಗಂಟೆ ಹೊಡೆಯುವ ಮುಂಚೆ ಆಯಾ ವಿಭಾಗದ ಹಿರಿಯರೇ ಬಂದು ತಮ್ಮ ಕ್ಲಿಪ್ಪು ಹಾಕಬೇಕು. ಬೇರೆಯವರು ಮುಟ್ಟುವ ಹಾಗಿಲ್ಲ. ಒಮ್ಮೆ ಮಾಲೀಕರು ಯಾರಿಗೋ ತೋರಿಸಲೆಂದು ಒಂದನ್ನು ಕಿತ್ತರು. ಅತ್ತಿಗೆ ಎದುರಿಗೆ ಕೈಚಾಚಿ ನಿಂತರು, ಮಾಲೀಕರು ತೆಪ್ಪಗೆ ಕೊಟ್ಟರು. ಆ ಮುಖ ನೋಡಬೇಕಿತ್ತು.

ಕೆಂಪು ಬಿದ್ದರೆ ಅತ್ತಿಗೆ ಬೈಯುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಖ ಸಣ್ಣದು ಮಾಡಿಕೊಂಡು ಆ ವಿಭಾಗಕ್ಕೆ ಹೋಗಿ, ಯಾಕಾಯಿತು, ಯಾರಿಂದಾಯಿತು, ಮೊದಲೇ ಯಾಕೆ ಗೊತ್ತಾಗಲಿಲ್ಲ ಎಂದು ಮೆತ್ತಗೆ ಕೇಳುತ್ತಿದ್ದರು. ಆಮೇಲೆ ಒಂದು ಸ್ಟೂಲ್ ಎಳೆದುಕೊಂಡು, ಕೆಲಸ ಸರಿಹೋಗುವವರೆಗೆ ಊಟ ಮುಟ್ಟದೆ ಅಲ್ಲೇ ಕೂರುತ್ತಿದ್ದರು. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಮನೆಗೆ ಬಂದರೆ ಅಣ್ಣ ಅದನ್ನು ಕೈಯಲ್ಲಿ ತೂಗಿ ನೋಡಿ, ಇವತ್ತು ಯಾರದು ಕೆಂಪು ಎಂದು ಕೇಳುತ್ತಿದ್ದ. ಹಸಿದು ಕೂತವರನ್ನು ಎದುರಿಗಿಟ್ಟುಕೊಂಡು ಕೆಲಸ ಮಾಡುವ ಕಷ್ಟವನ್ನು ಅವರಿಗೆ ಯಾರು ಹೇಳಬೇಕು? ಬರಬರುತ್ತಾ ಬೋರ್ಡಿನಲ್ಲಿ ಕೆಂಪು ಕಮ್ಮಿಯಾಯಿತು. ಅತ್ತಿಗೆ ಅದನ್ನು ಸುಧಾರಣೆ ಎಂದುಕೊಂಡರು.

ಮನೆಯಲ್ಲೂ ಇದೇ ಕಾರುಬಾರು. ನಮ್ಮ ಮನೆಯಲ್ಲಿ ಸ್ನಾನಕ್ಕೆ ಸರದಿ ಉಂಟು. ತಪ್ಪಿಸಿಕೊಂಡವನು ತಣ್ಣೀರೇ ಗತಿ ಎಂದು ತಿಳಿಯಬೇಕು. ಅತ್ತಿಗೆ ಸಂಜೆ ಬಂದವರೇ ಎಲ್ಲರ ಕೆಲಸ ವಿಚಾರಿಸುತ್ತಾರೆ. ಅಣ್ಣನನ್ನು ಕೇಳಿದರೆ "ನಡೀತಿದೆ" ಎನ್ನುವುದು ಬಿಟ್ಟು ಎರಡನೆಯ ಮಾತಿಲ್ಲ. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಾ ಹಾಗೆನ್ನುತ್ತಿದ್ದ. ಚಳಿಗಿರಬೇಕು ಎಂದುಕೊಂಡೆ. ಗಡ್ಡವನ್ನೂ ಕ್ಷೌರದಂಗಡಿಯಲ್ಲೇ ಹೆರೆಸಿಕೊಂಡು ಬರತೊಡಗಿದ್ದ. ಈ ವಯಸ್ಸಿಗೆ ಶೋಕಿ ಹೆಚ್ಚಾಯಿತು ಎಂದು ನಾನು ಕಾಲೆಳೆದಿದ್ದೆ.

ಹೀಗಿರುವಾಗ ಹೊಸ ಆಸ್ಪತ್ರೆಯೊಂದರ ನರ್ಸುಗಳ ಸಮವಸ್ತ್ರದ ಆರ್ಡರ್ ಬಂತು. ಮಾಲೀಕರು ಅತ್ತಿಗೆಯನ್ನು ಕರೆದು, ಇದು ಹೊತ್ತಿಗೆ ಸರಿಯಾಗಿ ಹೋದರೆ ಸಂಜೆ ಪಾಳಿ ಉಳಿಯುತ್ತದೆ, ಇಲ್ಲವಾದರೆ ಮುಚ್ಚುತ್ತೇನೆ ಎಂದುಬಿಟ್ಟರು. ಸಂಜೆ ಪಾಳಿಯಲ್ಲಿ ಇರುವವರು ಹೆಚ್ಚಾಗಿ ಹಗಲೆಲ್ಲ ಮನೆಯಲ್ಲಿ ಕೂಸನ್ನೋ ಹಾಸಿಗೆ ಹಿಡಿದವರನ್ನೋ ನೋಡಿಕೊಳ್ಳುವ ಹೆಂಗಸರು. ಅವರಿಗೆ ಬೇರೆ ಹೊತ್ತಿನ ಕೆಲಸ ಮಾಡಲಾಗದು. ಅದನ್ನು ಮಾಲೀಕರಿಗೆ ಹೇಳುವುದೂ ಒಂದೇ, ನನ್ನ ವ್ಯಾನಿಗೆ ಹೇಳುವುದೂ ಒಂದೇ. ಅತ್ತಿಗೆ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬೋರ್ಡು ಕಾದರು. ದಿನಾ ಬೆಳಗ್ಗೆ ಮೇಲಿಂದ ಕೆಳಗಿನವರೆಗೂ ಹಸಿರು. ಅವರು ಆ ದಿನಗಳಲ್ಲಿ ಹಾಡಿಕೊಂಡು ಅಡುಗೆ ಮಾಡಿದ್ದನ್ನು ನಾನು ಕೇಳಿದ್ದೇನೆ.

ಆಸ್ಪತ್ರೆ ತೆರೆಯಲು ಇನ್ನೊಂದು ವಾರವಿತ್ತು. ಮೊದಲ ಲೋಡು ಒಯ್ಯಲು ನಾನು ವ್ಯಾನನ್ನು ಹಿಂದಕ್ಕೆ ತಂದು ಪ್ಯಾಕಿಂಗ್ ಬಾಗಿಲಿಗೆ ನಿಲ್ಲಿಸಿದೆ. ಒಳಗೆ ಖಾಲಿ ರಟ್ಟಿನ ಪೆಟ್ಟಿಗೆಗಳು, ಅವುಗಳ ಮುಂದೆ ಕೈಕಟ್ಟಿ ನಿಂತ ಪ್ಯಾಕಿಂಗಿನಾಕೆ. ಇಸ್ತ್ರಿಯವರದು ಹಸಿರಿತ್ತು, ಹೇಗೂ ಬರುತ್ತದೆಂದು ನಾನೂ ಹಸಿರು ಹಾಕಿದೆ ಎಂದಳು. ಇಸ್ತ್ರಿಯವನು ಹೊಲಿಗೆಯ ಹಸಿರು ನೋಡಿದ್ದ. ಹೊಲಿಗೆಯವರು, ಕತ್ತರಿಯ ಹಸಿರು ನೋಡಿ, ಇವತ್ತಲ್ಲ ನಾಳೆ ತುಂಡು ಬರುತ್ತವೆ ಎಂದು ಸಣ್ಣಪುಟ್ಟ ಕೆಲಸ ಹೊಲಿಯುತ್ತಾ ಕೂತಿದ್ದರು. ಎಲ್ಲರೂ ಮೇಲಿನ ಕ್ಲಿಪ್ಪು ನೋಡಿದ್ದರೇ ಹೊರತು ಬಟ್ಟೆ ನೋಡಿದವರಿಲ್ಲ. ನಾನು ಹೋಗಿ ಅತ್ತಿಗೆಗೆ ಹೇಳಿದೆ. ಅವರು ಬೋರ್ಡನ್ನು ಒಮ್ಮೆ ನೋಡಿ, ಸೀದಾ ಕತ್ತರಿ ವಿಭಾಗಕ್ಕೆ ನಡೆದರು.

ಅಲ್ಲಿಯ ಹಿರಿಯ, ಕತ್ತರಿ ಮಾಸ್ತರು, ತಲೆಯೆಲ್ಲ ಬೆಳ್ಳಗಾದವರು, ಒಳ್ಳೆಯ ಕೆಲಸಗಾರ. ಬಂದ ಬಟ್ಟೆ ನೀರಿಗೆ ಹಾಕಿದರೆ ಕುಗ್ಗುತ್ತಿತ್ತಂತೆ. ಎಲ್ಲ ಅಳತೆಯನ್ನೂ ಹೊಸದಾಗಿ ಮಾಡಿಕೊಳ್ಳುವುದರಲ್ಲಿ ಅವರಿಗೆ ದಿನಗಳು ಕಳೆದಿದ್ದವು. ಅತ್ತಿಗೆ ಕೇಳುವ ಮೊದಲೇ ಅವರು ಕತ್ತರಿ ಕೆಳಗಿಟ್ಟರು.

"ಕೆಂಪು ಹಾಕಿದ್ರೆ ನೀವು ಊಟ ಬಿಟ್ಟು ಬಂದು ಕೂರ್ತೀರಮ್ಮ. ಅದನ್ನ ನೋಡೋಕಾಗಲ್ಲ. ಹೇಗೋ ಸರಿಮಾಡ್ಕೊಂಡು ಬಿಡೋಣ ಅಂದ್ಕೊಂಡೆ," ಎಂದರು.

ಅತ್ತಿಗೆಗೆ ಕೆನ್ನೆಗೆ ಹೊಡೆದ ಹಾಗಾಯಿತು. ನನಗೆ ಅವರ ಮೇಲೆ ಅಂದಿನಷ್ಟು ಕನಿಕರ ಎಂದೂ ಬಂದಿರಲಿಲ್ಲ. ಅವರು ಕೆಟ್ಟವರೆಂದು ಜನ ಸುಳ್ಳು ಹೇಳಿದ್ದರೆ ಸರಿ, ಒಳ್ಳೆಯವರೆಂಬ ಕಾರಣಕ್ಕೇ ಹೇಳಿದರೆ ಏನು ಮಾಡುವುದು? ಅತ್ತಿಗೆ ನನ್ನ ಕೈಲಿ ಊಟದ ಡಬ್ಬಿ ತರಿಸಿದರು. ಸ್ಟೂಲ್ ಎಳೆದುಕೊಂಡು ಮಾಸ್ತರರ ಎದುರಿಗೇ ಊಟಕ್ಕೆ ಕೂತರು. ಕೊನೆಯ ತುತ್ತಿನವರೆಗೂ ಬಿಡದೆ ತಿಂದರು. ಬಾಯಿ ಒರೆಸಿಕೊಂಡು, "ಈಗ ಹೇಳಿ ಮಾಸ್ತರೇ, ನಿಮಗೆ ಏನು ಬೇಕು?" ಎಂದರು.

ಮಾಸ್ತರಿಗೆ ಇಂಥ ಪ್ರಶ್ನೆ ಹೊಸದು. ತಡವರಿಸಿ, ಇನ್ನೊಂದು ದೊಡ್ಡ ಮೇಜು ಬೇಕು, ಬಟ್ಟೆ ಹಾಸಲು ಜನ ಬೇಕು ಎಂದರು. ಅತ್ತಿಗೆ ಕ್ಯಾಂಟೀನಿನ ಮೇಜು ಎತ್ತಿಸಿದರು, ಪ್ಯಾಕಿಂಗಿನವರನ್ನು ಹಾಸಲು ಕಳಿಸಿದರು. ಮಾಲೀಕರ ಬಳಿ ಹೋಗಿ ಇದ್ದದ್ದು ಇದ್ದಂತೆ ಹೇಳಿ, ಅವರ ಅಬ್ಬರ ಮುಗಿಯುವವರೆಗೆ ತಲೆತಗ್ಗಿಸಿ ಕಾದರು. ಆಮೇಲೆ ನನ್ನ ವ್ಯಾನಿನಲ್ಲೇ ಆಸ್ಪತ್ರೆಗೆ ಹೋಗಿ, ಮೊದಲ ದಿನ ಯಾವ ಯಾವ ವಾರ್ಡು ತೆರೆಯುತ್ತೀರಿ ಎಂದು ಕೇಳಿದರು. ಮಕ್ಕಳ ವಾರ್ಡು ಮತ್ತು ಹೊರರೋಗಿಗಳದ್ದು ಮಾತ್ರ ಎಂದು ದೊಡ್ಡ ನರ್ಸಮ್ಮ ಹೇಳಿದ್ದೇ ತಡ, ದಾರಿಯಲ್ಲೇ ಹೊಸ ಪ್ಲಾನು ಸಿದ್ಧವಾಯಿತು. ಅಷ್ಟು ಜನರ ಬಟ್ಟೆ ಮೊದಲು, ಉಳಿದದ್ದು ವಾರ್ಡು ತೆರೆದ ಹಾಗೆ. ಸಂಜೆ ಪಾಳಿಯ ಹೆಂಗಸರೇ ಅದನ್ನು ಹೊಲಿದರು. ಆಸ್ಪತ್ರೆ ತೆರೆಯುವ ದಿನ ಬೆಳಗ್ಗೆ ನಾನು ಪೆಟ್ಟಿಗೆ ಇಳಿಸಿ ಬಂದೆ. ಸಂಜೆ ಪಾಳಿ ಉಳಿಯಿತು, ಮಾಲೀಕರು ಗೊಣಗುವುದೂ ಉಳಿಯಿತು.

ಅತ್ತಿಗೆ ನಿಯಮ ಬದಲಿಸಿದರು. ಕೆಂಪು ಬಿದ್ದರೆ ಯಾಕೆ ಎಂದು ಕೇಳುವುದು ಆಮೇಲೆ, ಏನು ಬೇಕು ಎನ್ನುವುದು ಮೊದಲು. ಅದನ್ನು ಬರೆಯಲು ಪ್ರತಿ ಪಟ್ಟಿಯ ಪಕ್ಕ ಜಾಗವಿರುವ ಹೊಸ ಬೋರ್ಡು ಬೇಕಾಯಿತು. ನಡೆದದ್ದನ್ನೆಲ್ಲ ಊಟಕ್ಕೆ ಕೂತಾಗ ಅಣ್ಣನಿಗೆ ಹೇಳಿ, ಮಾಡಿಕೊಡಿ ಎಂದರು. ಅವನು ನಾಳೆ ಎಂದ. ಮರುದಿನ ಕೇಳಿದರೂ ನಾಳೆ. ನಾನೇ ಹಲಗೆ ತಂದು ಅವನ ಅಂಗಡಿಯಲ್ಲಿ ಇಳಿಸಿದೆ. ನೆಲದ ಮೇಲೆ ಹೊಸ ಹೊಟ್ಟು ಒಂದು ಚೂರೂ ಇರಲಿಲ್ಲ, ಉಳಿಗಳ ಮೇಲೆ ಧೂಳು ಕೂತಿತ್ತು. ಹಲಗೆ ಒರಗಿಸಿದಲ್ಲೇ ಉಳಿಯಿತು.

ಒಂದು ಬೆಳಗ್ಗೆ ಅತ್ತಿಗೆ ಕಾರ್ಖಾನೆಗೆ ಹೊರಟು ನಿಂತಿದ್ದರು, ನಾನು ವ್ಯಾನಿನ ಕೀಲಿ ಹುಡುಕುತ್ತಿದ್ದೆ. ಅಣ್ಣ ಒಳಗಿನಿಂದ ಬಂದು ಕುರ್ಚಿಯಲ್ಲಿ ಕೂತ. ತನ್ನ ಅಂಗಿಯ ಬಲತೋಳಿನ ಅಂಚಿಗೆ ಕೆಂಪು ಕ್ಲಿಪ್ಪು ಸಿಕ್ಕಿಸಿಕೊಂಡಿದ್ದ. ಕೆಳಗೆ ಕೈ ನಡುಗುತ್ತಿತ್ತು, ಕ್ಲಿಪ್ಪೂ ನಡುಗುತ್ತಿತ್ತು.

ಅತ್ತಿಗೆಯ ತುಟಿಯವರೆಗೆ "ಯಾಕೆ" ಬಂದಿತ್ತು, ನಾನು ಕಂಡೆ. ಅದನ್ನು ನುಂಗಿಕೊಂಡರು. ಚೀಲ ಕೆಳಗಿಟ್ಟು, ಅವನ ಪಕ್ಕ ಕೂತು, ಆ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು.

"ಏನು ಬೇಕು ಹೇಳಿ," ಎಂದರು.

"ಡಾಕ್ಟರ್ ಹತ್ರ ಹೋಗ್ಬೇಕು. ಒಬ್ಬನೇ ಹೋಗೋಕೆ ಭಯ ಆಗತ್ತೆ," ಎಂದ ಅಣ್ಣ.

ಅವತ್ತು ಕಾರ್ಖಾನೆಯ ಗಂಟೆ ಅತ್ತಿಗೆ ಇಲ್ಲದೆಯೇ ಹೊಡೆಯಿತು.