ಮಾಲತಿಯ ಕರಿಬೇವಿಗೆ ಕತ್ತರಿ

ಜಪಾನಿನ ತ್ಸುಕುಬಾ ನಿಲ್ದಾಣದ ಪಕ್ಕದ ಹೂವಿನಂಗಡಿಯಾಕೆ ಇಂದು ಬೆಳಿಗ್ಗೆ ನಾನು ಆರಿಸಿದ ಗುಲಾಬಿಯ ದಂಟುಗಳನ್ನು ಬಕೆಟ್ಟಿನ ನೀರಿನೊಳಗೇ ಹಿಡಿದು ಕತ್ತರಿಸಿದಳು. ಇಲ್ಲಿ ಅದು ವಾಡಿಕೆ. ಹೊರಗೆ ಕತ್ತರಿಸಿದರೆ ದಂಟಿನೊಳಗೆ ಗಾಳಿ ಹೊಕ್ಕು, ನೀರಿನ ಎಳೆ ತುಂಡಾಗಿ, ಹೂವು ಬೇಗ ಬಾಡುತ್ತದೆ. ನನಗೆ ಇದನ್ನು ಹೇಳಿದವಳು ಹೆಂಡತಿ ವಸುಧಾ. ಗಿಡಗಳಲ್ಲಿ ನೀರು ಹೇಗೆ ಏರುತ್ತದೆ ಎಂಬುದೇ ಅವಳ ಸಂಶೋಧನೆ. ನಾನು ಪತ್ರಿಕೆಯ ಡೆಸ್ಕಿನಲ್ಲಿ ಬಹುಕಾಲ ಕೂತವನು. ಇನ್ನೊಬ್ಬರು ಖಚಿತಪಡಿಸದೆ ಏನನ್ನೂ ಒಪ್ಪುವುದಿಲ್ಲ. ಮನೆಯಲ್ಲಿ ಇನ್ನೊಬ್ಬರಿಲ್ಲದ ಕಾರಣ ಅವಳ ಮಾತೇ ಅಂತಿಮ.

ನೀರನ್ನು ಬೇರು ಮೇಲಕ್ಕೆ ತಳ್ಳುತ್ತದೆ ಎಂದು ನಾನು ಅಂದುಕೊಂಡಿದ್ದೆ. ನೀವೂ ಹಾಗೇ ಅಂದುಕೊಂಡಿರಬಹುದು. ಹೆಚ್ಚಿನ ಕೆಲಸ ಎಲೆಯದು. ಎಲೆಯಿಂದ ನೀರು ಆವಿಯಾದಂತೆ ಕೆಳಗಿನ ನೀರು ಮಣ್ಣಿನ ಸಾರವನ್ನೂ ಹೊತ್ತು ಎಳೆಯಾಗಿ ಏರುತ್ತದೆ. ಎಲೆ ತಯಾರಿಸಿದ ಸಕ್ಕರೆ ತೊಗಟೆಯೊಳಗಿನ ಬೇರೆ ದಾರಿ ಹಿಡಿದು ಬೇರಿಗೆ ಇಳಿಯುತ್ತದೆ. ಇದು ನನಗೆ ಮನದಟ್ಟಾದದ್ದು ಮಾಲತಿಯ ಕರಿಬೇವಿನ ಕುಂಡದ ಮುಂದೆ.

ಮಾಲತಿ ವಸುಧಾಳ ಚಿಕ್ಕಮ್ಮನ ಮಗಳು. ಅವಳಿಗೆ ನಗೋಯಾದಲ್ಲಿ ಹೆರಿಗೆಯಾದಾಗ ಊರಿನಿಂದ ಯಾರೂ ಬರಲಾಗಲಿಲ್ಲ. ಬಾಣಂತನ ಮಾಡಿದವರು ಪಕ್ಕದ ಮನೆಯ ಶ್ಯಾಮಲಾ ಆಂಟಿ. ಅವರು ಮೈಸೂರಿಗೆ ಮರಳುವಾಗ ತಮ್ಮ ಕರಿಬೇವಿನ ಗಿಡವನ್ನು ಅವಳಿಗೆ ಕೊಟ್ಟು ಹೋದರು. ಮುಂದೆ ಮಾಲತಿಯ ಗಂಡನಿಗೆ ಈ ಕಡೆ ವರ್ಗವಾಯಿತು. ಸಾಮಾನಿನ ಜೊತೆ ಗಿಡವೂ ಬಂತು, ಜೋತುಬಿದ್ದು.

"ಟ್ರಕ್ಕಲ್ಲಿ ಮಣ್ಣು ಬಿದ್ರೆ ಪಾಪ ಸಾಮಾನು ಸಾಗಿಸೋರಿಗೆ ತೊಂದ್ರೆ ಅಂತ ಬೇರನ್ನ ಶವರ್ ಕೆಳಗೆ ತೊಳ್ದೆ ಅಕ್ಕಾ. ಫುಲ್ ಕ್ಲೀನ್!"

"ಸೋಪ್ ಹಾಕ್ಲಿಲ್ವಲ್ಲ, ಪುಣ್ಯ," ಎಂದಳು ವಸುಧಾ.

ಈ ದೇಶದಲ್ಲಿ ನಾಲ್ಕು ವರ್ಷ ಇದ್ದರೆ ಸಾಕು, ಇನ್ನೊಬ್ಬರಿಗೆ ತೊಂದರೆಯಾದೀತೆಂಬ ಅಂಜಿಕೆ ಎಲುಬಿಗಿಳಿಯುತ್ತದೆ. ಬೋಳು ಗೋಡೆಗೆ ಒರಗಿದರೂ ನಾನು ಸುಮಿಮಾಸೆನ್, ಕ್ಷಮಿಸಿ, ಎನ್ನುತ್ತೇನೆ. ಹಾಗಾಗಿ ಮಾಲತಿಯನ್ನು ನೋಡಿ ನಗಲಿಲ್ಲ.

"ದಿನಾ ಎರಡು ಸಲ ನೀರು ಹಾಕ್ತಿದೀನಲ್ಲ?"

"ಕುಡಿಯೋ ಬಾಯಿನೇ ತೊಳ್ದು ಹಾಕಿದೀಯ. ಸಣ್ಣ ಬೇರೆಲ್ಲ ಹೋಗಿದೆ. ಎಲೆಗಳು ಮಾತ್ರ ಎಳೀತಾನೇ ಇವೆ. ಎರಡು ಎಸಳು ಬಿಟ್ಟು ಮಿಕ್ಕಿದ್ದೆಲ್ಲ ಕತ್ತರಿಸು."

"ಹೋಗಕ್ಕಾ! ಭಾನುವಾರ ಬೆಳಿಗ್ಗೆ ಆಂಟಿ ವಿಡಿಯೋ ಕಾಲಲ್ಲಿ ಗಿಡ ತೋರ್ಸು ಅಂತಾರೆ. ಕಡ್ಡಿ ತೋರಿಸ್ಲಾ?"

"ಹೋದ ವಾರ ಏನು ತೋರಿಸಿದೆ?" ಎಂದೆ ನಾನು. ಡೆಸ್ಕಿನ ಚಟ.

"ಬಾಲ್ಕನಿಯಲ್ಲಿ ಕತ್ತಲೆ ಅಂದೆ, ಭಾವ."

"ಬೆಳಿಗ್ಗೆ ಹತ್ತಕ್ಕೆ?"

ಅವಳು ಕುಂಡವನ್ನು ತನ್ನತ್ತ ಎಳೆದುಕೊಂಡಳು. ಆಂಟಿ ಕೈಗಿಟ್ಟು ಹೋದದ್ದನ್ನು ಕೊಂದವಳು ತಾನಾಗಬಾರದು. ಅವಳಿಗಿದ್ದ ಭಯ ಅಷ್ಟೇ. ಸ್ವಲ್ಪ ಹೊತ್ತು ಗಿಡವನ್ನೇ ನೋಡಿ ಕತ್ತರಿ ತಂದಳು. ಒಂದೊಂದೇ ಎಸಳು ನೆಲಕ್ಕೆ ಬಿತ್ತು. ಉಳಿದ ಎರಡು ಎಸಳು ಬಾಡದೆ ಬೇರಿಗೆ ಊಟ ಕಳಿಸಲಿ ಎಂದು ವಸುಧಾ ಇಡೀ ಗಿಡಕ್ಕೆ ತೆಳು ಪ್ಲಾಸ್ಟಿಕ್ ಕವರ್ ಮುಸುಕು ಹಾಕಿ, ಗಾಳಿಯಾಡದ ಮೂಲೆಯಲ್ಲಿಟ್ಟಳು. ಆ ದಿನ ಮಾಲತಿಯ ಮನೆಯಲ್ಲಿ ಚಟ್ನಿಪುಡಿಯ ಘಮ. ನಾನಂತೂ ಎರಡು ಸಲ ಬಡಿಸಿಕೊಂಡೆ.

ಭಾನುವಾರ ಅವಳು ಕ್ಯಾಮೆರಾವನ್ನು ತಾನಾಗಿಯೇ ಗಿಡದ ಕಡೆ ತಿರುಗಿಸಿದಳು.

"ಬಾಣಂತಿ ಥರ ಇದೆಯಲ್ಲೇ," ಎಂದರು ಆಂಟಿ. "ಗಾಳಿಗಿಡಬೇಡ."

"ಇಟ್ಟಿಲ್ಲ ಆಂಟಿ. ಮುಸುಕು ಹಾಕಿದೀವಿ," ಎಂದಳು ಮಾಲತಿ, ಕಣ್ಣೊರೆಸಿಕೊಳ್ಳುತ್ತ.

"ಮತ್ತೇನು ಅಳೋದು? ನೀನೂ ಹಿಂಗೇ ಇದ್ದೆ. ಎದ್ದು ಓಡಾಡ್ಲಿಲ್ವಾ?"

ಕೆಲವು ವಾರಗಳ ಮೇಲೆ ಮೊದಲು ಕಂಡದ್ದು ಒಂದು ಕೆಂಪು ಚಿಗುರು. ಈಗ ಗಿಡ ಮಾಲತಿಯ ಮಗಳಿಗಿಂತ ಎತ್ತರ. ಯಾರ ಮನೆಯಲ್ಲಿ ಗಿಡ ಬಾಡಿದರೂ ನಾನು ಮಣ್ಣು ಮುಟ್ಟುವ ಮೊದಲು ಎಲೆ ನೋಡುತ್ತೇನೆ. ಕಳೆದ ಭಾನುವಾರ ಆಂಟಿಯ ಕರೆ ಬಂದಾಗ ನಾವೂ ಅಲ್ಲೇ ಇದ್ದೆವು. ಮಾಲತಿ ಹೆಮ್ಮೆಯಿಂದ ಫೋನನ್ನು ಎಲೆಗಳ ಹತ್ತಿರ ಹಿಡಿದಳು.

"ಗಿಡ ಇರ್ಲಿ ಬಿಡೇ," ಎಂದರು ಆಂಟಿ. "ಮೊದಲು ನಿನ್ನ ಮುಖ ತೋರ್ಸು."