ಮೇಷ್ಟ್ರು ಕತ್ತಲಲ್ಲಿ ಬರೆದ ಪುಟ

ಟಕ್, ಟಕ್, ಸ್ವಲ್ಪ ತಡೆದು ಮತ್ತೆ ಟಕ್. ಇಪ್ಪತ್ತೆರಡು ವರ್ಷಗಳ ಹಿಂದೆ, ಒಂದು ನಡುರಾತ್ರಿ, ನಮ್ಮ ಮುದ್ರಣಾಲಯದ ಹಿಂಬದಿಯ ಕೊಠಡಿಯಿಂದ ಕೇಳಿಬಂದ ಆ ಸಣ್ಣ ಸದ್ದಿನಿಂದಲೇ ಈ ಲೇಖನವನ್ನು ಆರಂಭಿಸಬೇಕೆಂದು ನನಗೆ ಅನ್ನಿಸಿದೆ. ದೃಷ್ಟಿಯಿಲ್ಲದವರಿಗಾಗಿ ನಮ್ಮ ಕ್ರೈಸ್ತ ಸಭೆಯವರು ನಡೆಸುವ ಈ ಬ್ರೈಲ್ ಮುದ್ರಣಾಲಯದಲ್ಲಿ ಮೂವತ್ತೆಂಟು ವರ್ಷ ಕರಡು ತಿದ್ದಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಷ್ಟ್ರು, ಚುಕ್ಕಿಗಳನ್ನು ಬೆರಳಿನಿಂದ ಓದುವವರಲ್ಲಿ ಅಗ್ರಗಣ್ಯರು. ಹುಟ್ಟಿನಿಂದಲೇ ಕಣ್ಣು ಕಾಣದ ಅವರ ಬಳಿ ಅಕ್ಷರ ಕಲಿಯದ ನೌಕರರು ಇಲ್ಲಿ ಒಬ್ಬರೂ ಇಲ್ಲ.

ಅವರು ಸೇವೆಗೆ ಸೇರಿದ ಹೊಸತರಲ್ಲಿ ನಡೆದುದನ್ನು ಹಿರಿಯ ಬೈಂಡರ್ ಈಗಲೂ ಹೇಳುತ್ತಾರೆ. ಕೀರ್ತನೆ ಪುಸ್ತಕದ ಮುನ್ನೂರು ಪ್ರತಿಗಳಲ್ಲಿ ಒಂದು ಹಾಳೆ ತಲೆಕೆಳಗಾಗಿ ಸೇರಿಹೋಗಿತ್ತು. “ಈ ಸಲ ನಡೀಲಿ ಬಿಡಿ, ಹಾಡು ಎಲ್ಲರಿಗೂ ಬಾಯಿಪಾಠ ಇದೆ” ಎಂದರಂತೆ ಪಾದ್ರಿಗಳು. “ಬಾಯಿಪಾಠ ಇದ್ರೆ ಪುಸ್ತಕ ಯಾಕೆ ಬೇಕಿತ್ತು, ಅಯ್ಯನವರೇ?” ಎಂದು ಕೇಳಿ ಮೇಷ್ಟ್ರು ಅಷ್ಟನ್ನೂ ಬಿಚ್ಚಿಸಿದರು. ಆಮೇಲೆ ತಪ್ಪು ಮಾಡಿದ್ದ ಇದೇ ಬೈಂಡರ್ ಪಕ್ಕದಲ್ಲೇ ಕುಳಿತು, ಮತ್ತೆ ಹೊಲಿಯಲು ಮೂರು ದಿನ ಮೇಣ ಹಚ್ಚಿದ ದಾರ ಎಳೆದುಕೊಟ್ಟರು.

ನಾನು ಪಠ್ಯವನ್ನು ಬ್ರೈಲಿಗೆ ಇಳಿಸುವ ಕೆಲಸಕ್ಕೆ ಸೇರಿದ್ದು ಒಂದು ವರ್ಷದ ಪರೀಕ್ಷಾವಧಿಯ ಮೇಲೆ. ಕೆಲಸ ಹೋದರೆ ಅಮ್ಮನಿಗೂ ನನಗೂ ಬೇರೆ ದಾರಿಯಿರಲಿಲ್ಲ. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವ ಸ್ವಭಾವದ ನಾನೇ, ವಿಜ್ಞಾನದ ಪಾಠಪುಸ್ತಕದಲ್ಲಿ ಇಡೀ ಒಂದು ಪುಟವನ್ನು ಬಿಟ್ಟುಬಿಟ್ಟಿದ್ದೆ. ಪರೀಕ್ಷೆ ಹತ್ತಿರವಾಗಿದ್ದರಿಂದ, ಮೇಷ್ಟ್ರ ಬೆರಳಿಗೆ ಕಾಯದೆ ಹನ್ನೆರಡು ಪ್ರತಿಗಳು ಅಂಧಶಾಲೆಯ ಹನ್ನೆರಡು ಮಕ್ಕಳ ಕೈ ಸೇರಿದ್ದವು. ಮರುದಿನ ಕಚೇರಿಯ ಪ್ರತಿಯನ್ನು ಓದುತ್ತಿದ್ದ ಅವರ ಬೆರಳು ತಟ್ಟನೆ ನಿಂತಿತು.

“ಏನಮ್ಮಾ, ರಕ್ತ ಹೃದಯದಿಂದ ಹೊರಟಿದೆ, ಎಲ್ಲೂ ಹೋಗಿ ಮುಟ್ಟೇ ಇಲ್ಲವಲ್ಲ!”

“ಪುಸ್ತಕದಲ್ಲೇ ಹಾಗಿದೆ, ಮೇಷ್ಟ್ರೇ” ಎಂದೆ. ಅಚ್ಚಿನ ಪುಸ್ತಕ ನನ್ನೆದುರೇ ತೆರೆದಿತ್ತು. ಬಿಟ್ಟ ಪುಟ ನನಗೆ ಕಾಣುತ್ತಿತ್ತು, ಅವರಿಗೆ ಕಾಣುತ್ತಿರಲಿಲ್ಲ.

“ಹಾಗೋ” ಎಂದಷ್ಟೇ ಹೇಳಿ ಅವರು ಹೊರಗೆ ಹೋದರು.

ಆ ರಾತ್ರಿ ಪಕ್ಕದ ಹಾಸ್ಟೆಲಿನಲ್ಲಿ ನಿದ್ದೆ ಬಾರದೆ ಹೊರಳುತ್ತಿದ್ದಾಗ ಆ ಸದ್ದು ಕೇಳಿತು. ಹೋಗಿ ಬಾಗಿಲಲ್ಲಿ ನಿಂತೆ. ಕೊಠಡಿಯಲ್ಲಿ ದೀಪವಿರಲಿಲ್ಲ, ಅವರಿಗದು ಬೇಕಾಗಿಯೂ ಇರಲಿಲ್ಲ. ನಾನು ಬಿಟ್ಟ ಪುಟವನ್ನು ಸಂಜೆಯೇ ಕಾವಲುಗಾರನಿಂದ ಓದಿಸಿ ಬರೆದಿಟ್ಟುಕೊಂಡು, ಮೊಳೆಯಂಥ ಕಡ್ಡಿಯಿಂದ ಒಂದೊಂದೇ ಚುಕ್ಕಿ ಒತ್ತಿ, ಅದರ ಹನ್ನೆರಡು ಪ್ರತಿ ಬರೆಯುತ್ತಿದ್ದರು.

“ನೀವಾ? ಕಾಲಿನ ಸದ್ದು ಗೊತ್ತಾಗುತ್ತೆ. ಹೋಗಿ ಮಲಗಿ. ಬೆಳಿಗ್ಗೆ ಇಬ್ಬರೂ ಶಾಲೆಗೆ ಹೋಗ್ಬೇಕು.”

“ಸುಮ್ಮನೆ ಹಾಳೆ ಕಳಿಸಿಬಿಟ್ರೆ ಆಗಲ್ವಾ, ಮೇಷ್ಟ್ರೇ? ನನ್ನ ಕೆಲಸ ಹೋಗುತ್ತೆ.”

“ಹೋಗಬಹುದಮ್ಮ. ಆದ್ರೂ ಮಕ್ಕಳಿಗೆ ಹೇಳ್ಬೇಕು, ಮ್ಯಾನೇಜರಿಗೂ ಹೇಳ್ಬೇಕು. ನೀವೇ ಹೇಳ್ಬೇಕು. ನಾನು ಪಕ್ಕದಲ್ಲಿ ನಿಂತಿರ್ತೀನಿ.”

ನಿಂತರು. ಹನ್ನೆರಡು ಮಕ್ಕಳ ಮುಂದೆ ನಾನು ತಪ್ಪನ್ನು ಹೇಳಿ ಮುಗಿಸುವವರೆಗೂ, ದಾರಿಗೆಂದು ಹಿಡಿದಿದ್ದ ನನ್ನ ಮೊಣಕೈಯನ್ನು ಅವರು ಬಿಡಲೇ ಇಲ್ಲ. “ಅಯ್ಯೋ ಅಕ್ಕಾ, ರಕ್ತ ಎಲ್ಲಿ ಹೋಯ್ತೂಂತ ನಾವೂ ಹುಡುಕ್ತಾನೇ ಇದ್ವಿ!” ಎಂದು ಒಬ್ಬಳು ಕೂಗಿದಳು, ಎಲ್ಲರೂ ನಕ್ಕರು. ಮ್ಯಾನೇಜರ್ ನಗಲಿಲ್ಲ. ಪರೀಕ್ಷಾವಧಿಯನ್ನು ಇನ್ನೊಂದು ವರ್ಷ ಮುಂದುವರಿಸಿದರು. ಶಿಕ್ಷೆ ಕಡಿಮೆ ಮಾಡಿಸಲು ಮೇಷ್ಟ್ರು ಒಂದು ಮಾತೂ ಆಡಲಿಲ್ಲ. ಆದರೆ ಆ ವರ್ಷವಿಡೀ ಪ್ರತಿ ಸಂಜೆ ಅರ್ಧ ಗಂಟೆ ನನ್ನೊಡನೆ ಕುಳಿತು, ನಾನು ಅಚ್ಚಿನ ಪುಟವನ್ನು ಗಟ್ಟಿಯಾಗಿ ಓದಿದಂತೆ ತಾವು ಬೆರಳಿನಲ್ಲಿ ಹಿಂಬಾಲಿಸಿ, ಹೋಲಿಸುವುದನ್ನು ಕಲಿಸಿದರು. ಕ್ರಿಸ್ತನನ್ನು ನಂಬಿದವರು ಸತ್ಯದ ಕೈಯನ್ನೂ ತಪ್ಪಿತಸ್ಥರ ಕೈಯನ್ನೂ ಒಟ್ಟಿಗೆ ಹಿಡಿದಿರಬಹುದೆಂದು ನಾನು ತಿಳಿದದ್ದು ಪಾದ್ರಿಗಳ ಪ್ರಸಂಗಗಳಿಂದಲ್ಲ, ಆ ಅರ್ಧ ಗಂಟೆಗಳಿಂದ.

ದೇವರು ಅವರಿಗೆ ದೀರ್ಘಾಯುಷ್ಯವನ್ನೂ ಆ ಬೆರಳುಗಳಿಗೆ ಎಂದಿನ ಚುರುಕನ್ನೂ ಕೊಡಲಿ. ಅವರು ಕೈಗೆತ್ತಿಕೊಂಡಿರುವ ಮಕ್ಕಳ ನಿಘಂಟು ಅವರಿಂದಲೇ ಪೂರ್ಣವಾಗಲಿ.

ಒಂದು ಮಾತು ಉಳಿದಿದೆ. ಪುಟ ಬಿಟ್ಟದ್ದನ್ನು ನಾನು ಅಂದೇ ಎಲ್ಲರಿಗೂ ಹೇಳಿದೆ. ಪುಸ್ತಕದಲ್ಲೇ ಹಾಗಿದೆಯೆಂದು ಕಣ್ಣು ಕಾಣದ ಮೇಷ್ಟ್ರಿಗೆ ಹೇಳಿದ ಸುಳ್ಳನ್ನು ಇಂದಷ್ಟೇ, ಇಲ್ಲಿ, ಒಪ್ಪಿಕೊಳ್ಳುತ್ತಿದ್ದೇನೆ. ಮ್ಯಾನೇಜರ್ ಕೋಣೆಯಿಂದ ಹೊರಬರುವಾಗ, “ಆ ಸುಳ್ಳು, ಮೇಷ್ಟ್ರೇ? ಅದನ್ನೂ ಹೇಳ್ಬೇಕಲ್ವಾ?” ಎಂದು ಕೇಳಿದ್ದೆ. ಕೋಲಿನಿಂದ ಮೆಟ್ಟಿಲನ್ನು ತಡವುತ್ತಿದ್ದವರು ನಿಂತರು.

“ಪುಟ ಮಕ್ಕಳದು. ಸುಳ್ಳು ನನಗೆ ಹೇಳಿದ್ದು, ಅದು ನನ್ನದು. ನಾನದನ್ನ ಯಾರಿಗೂ ಹೇಳಲ್ಲ.”